ಸೋಲುವ ತಂಡವನ್ನು ಕಟ್ಟುವುದು ಹೇಗೆ? ಮಲೆನಾಡಿನ ಫುಟ್‌ಬಾಲ್ ಕಾಮಿಕ್ಸ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ನಾಲ್ಕು ಚೌಕ, ಹನ್ನೊಂದು ಜನ, ಒಂದು ಚೆಂಡು. ಫುಟ್‌ಬಾಲ್ ಕಾಮಿಕ್ಸ್ ಬರೆಯಲು ಇಷ್ಟು ಸಾಕು ಅಂತ ನಾನು ಅಂದುಕೊಂಡಿದ್ದೆ. ಮೊದಲ ಸಲ ಬರೆದಾಗ ನನ್ನ ತಂಡ ಮೂರನೇ ವಾರಕ್ಕೇ ಗೆದ್ದುಬಿಟ್ಟಿತು. ಐದನೇ ವಾರ ಕಪ್ ಎತ್ತಿತು. ಆರನೇ ವಾರ ಬರೆಯಲು ಏನೂ ಉಳಿದಿರಲಿಲ್ಲ. ತಪ್ಪದೆ ಓದುತ್ತಿದ್ದ ಪಕ್ಕದ ಮನೆಯ ಹುಡುಗ ಕೇಳಿದ: "ಇಷ್ಟು ಚೆನ್ನಾಗಿ ಆಡೋರು ಮೊದ್ಲು ಎಂತಕ್ಕೆ ಸೋಲ್ತಿದ್ರು?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಹುಡುಕುತ್ತಾ ಹೋದಾಗ ಕೆಲಸದ ಕ್ರಮವೇ ಬದಲಾಯಿತು. ಈಗ ನಾನು ಮೊದಲು ಆಟಗಾರನನ್ನು ಬರೆಯುವುದಿಲ್ಲ, ಗೋಲನ್ನೂ ಬರೆಯುವುದಿಲ್ಲ. ತಂಡ ಯಾಕೆ ಸೋಲುತ್ತದೆ ಅನ್ನುವುದನ್ನು ಬರೆದುಕೊಳ್ಳುತ್ತೇನೆ. ಆ ಕಾರಣ ಊರಿನ ಮಣ್ಣಿನಿಂದಲೇ ಬಂದಿರಬೇಕು. ಆಗ ಗೆಲುವೂ ಅದೇ ಮಣ್ಣಿನಿಂದ ಬರುತ್ತದೆ.

ಇಂಗ್ಲೆಂಡಿನ ವಾರಪತ್ರಿಕೆಗಳಲ್ಲಿ 1950ರ ದಶಕದಲ್ಲೇ ಕಾಲ್ಪನಿಕ ಫುಟ್‌ಬಾಲ್ ಕ್ಲಬ್ಬುಗಳ ಚಿತ್ರಕತೆ ಬರುತ್ತಿದ್ದವು. ಜಪಾನಿನಲ್ಲಿ 1980ರ ದಶಕದಲ್ಲಿ ಅಂಥ ಕತೆ ಓದಿ ಮಕ್ಕಳು ಚೆಂಡು ಹಿಡಿದು ಬೀದಿಗೆ ಇಳಿದರು. ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂದು ತಂಡಕ್ಕೂ ಅಂಥ ಕತೆ ಬೇಕು ಅಂತ ನನಗೆ ತುಂಬಾ ಆಸೆ. ವಾರಕ್ಕೊಂದು ಸ್ಟ್ರಿಪ್, ಅಂದರೆ ನಾಲ್ಕು ಚೌಕದ ಒಂದು ಚಿತ್ರಪಟ್ಟಿ, ವರ್ಷಕ್ಕೆ 52. ಇಲ್ಲಿ ಹೇಳುವುದು ಆ ಒಂದು ವರ್ಷದ ಕೆಲಸ. ಉದಾಹರಣೆಗೆ ನಾನು ಕಟ್ಟಿಕೊಂಡ ಕಾಲ್ಪನಿಕ ಊರು ಸಂಕದಹೊಳೆ, ಕಾಲ್ಪನಿಕ ತಂಡ ಸಂಕದಹೊಳೆ ಫುಟ್‌ಬಾಲ್ ಕ್ಲಬ್. ನಿಮ್ಮದು ನಿಮ್ಮ ಊರಿನಂತೆ ಇರಲಿ.

ಹೆಜ್ಜೆ 1: ಮೊದಲು ಮೈದಾನ

ಒಂದು ಹಾಳೆ ತೆಗೆದುಕೊಂಡು ಮೈದಾನದ ನಕ್ಷೆ ಬರೆಯಿರಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. 52 ವಾರ ನೀವು ನಿಲ್ಲುವ ಜಾಗ ಇದು.

ಪುಸ್ತಕದ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಮಲೆನಾಡಿನಲ್ಲಿ ಅಷ್ಟು ಸಪಾಟು ನೆಲ ಸಿಕ್ಕರೆ ಅಲ್ಲಿ ಗದ್ದೆ ಇರುತ್ತದೆ. ಹಾಗಾಗಿ ನಮ್ಮ ತಂಡಕ್ಕೆ ಸಿಗುವುದು ಊರಾಚೆಯ ಬ್ಯಾಣ, ಅಂದರೆ ಹುಲ್ಲುಗಾವಲು. ಪುಣ್ಯಕ್ಕೆ ನಿಯಮದಲ್ಲಿ ಜಾಗ ಇದೆ: ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ಒಳಗೆ ಇದ್ದರೆ ಸಾಕು. ಸಂಕದಹೊಳೆಯ ಮೈದಾನ 95ಕ್ಕೆ 55. ಒಂದು ತುದಿಯಲ್ಲಿ ನಾಗಬನ, ಇನ್ನೊಂದು ತುದಿಯಲ್ಲಿ ಹೊಳೆ. ಬನದ ಕಡೆ ಎತ್ತರ, ಹೊಳೆ ಕಡೆ ತಗ್ಗು. ಒಂದು ಗೋಲಿನಿಂದ ಇನ್ನೊಂದು ಗೋಲಿಗೆ ಒಂದು ಆಳಿನಷ್ಟು ಇಳಿಜಾರು. ಮಳೆ ನೀರು ಹೊಳೆ ಕಡೆ ಗೋಲಿನ ಮುಂದೆ ನಿಲ್ಲುತ್ತದೆ. ಅಲ್ಲೊಂದು ಗುಂಡಿ. ಆ ಗುಂಡಿ ಎಲ್ಲಿದೆ ಅಂತ ನಕ್ಷೆಯಲ್ಲಿ ಗುರುತು ಹಾಕಿ. ನಮ್ಮ ಕತೆಯ ದೊಡ್ಡ ಆಸ್ತಿ ಅದು.

ಇಳಿಜಾರಿನ ಮೈದಾನ ಬರೀ ಕತೆಗೆ ಹುಟ್ಟಿಸಿದ್ದಲ್ಲ. ಇಂಗ್ಲೆಂಡಿನ ಯೋವಿಲ್ ಟೌನ್ ಅನ್ನುವ ಸಣ್ಣ ಕ್ಲಬ್ಬಿನ ಹಳೆಯ ಮೈದಾನ ಇಳಿಜಾರಿಗೇ ಹೆಸರಾಗಿತ್ತು. 1949ರ ಜನವರಿಯಲ್ಲಿ ಎಫ್‌ಎ ಕಪ್ ಪಂದ್ಯಕ್ಕೆ ಅಲ್ಲಿಗೆ ಬಂದದ್ದು ಸಂಡರ್‌ಲ್ಯಾಂಡ್, ಇಂಗ್ಲೆಂಡಿನ ಅತಿ ಮೇಲಿನ ವಿಭಾಗದ ತಂಡ. ಯೋವಿಲ್ 2-1ರಿಂದ ಗೆದ್ದಿತು. ಬಡ ತಂಡಕ್ಕೆ ತನ್ನ ನೆಲವೇ ಹನ್ನೆರಡನೇ ಆಟಗಾರ.

ನಕ್ಷೆಯಲ್ಲಿ ಇನ್ನೂ ಎರಡು ಗುರುತು ಬೇಕು. ಚೆಂಡು ಹೊರಗೆ ಹೋದರೆ ಎಲ್ಲಿ ಬೀಳುತ್ತದೆ? ನಮ್ಮಲ್ಲಿ ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಹೊಳೆ. ಹಾಗೇ, ಬಸ್ ನಿಲ್ಲುವುದೆಲ್ಲಿ? ನಮ್ಮ ಊರಿಗೆ ಕೊನೆ ಬಸ್ಸು ಸಂಜೆ ಆರಕ್ಕೆ ಕಾಲು ಗಂಟೆ ಮುಂಚೆ. ಎದುರಾಳಿ ತಂಡ ಆ ಬಸ್ಸು ಹಿಡಿಯಲೇಬೇಕು. ಪಂದ್ಯದ ಗಡಿಯಾರದ ಜೊತೆಗೆ ಬಸ್ಸಿನ ಗಡಿಯಾರವೂ ಓಡುತ್ತಿರುತ್ತದೆ.

ಹೆಜ್ಜೆ 2: ಸೋಲಿಗೆ ಮೂರು ಕಾರಣ

ಮೂರು ಸಾಕು, ಜಾಸ್ತಿ ಬೇಡ. ಮೂರೂ ಆಟಗಾರರ ತಪ್ಪಲ್ಲದ ಕಾರಣಗಳಾಗಿರಲಿ. "ಅವರಿಗೆ ಆಟ ಬರುವುದಿಲ್ಲ" ಅಂತ ಬರೆದರೆ ಓದುಗರು ಎರಡು ವಾರ ನಗುತ್ತಾರೆ, ಮೂರನೇ ವಾರ ಬಿಡುತ್ತಾರೆ. ಸಂಕದಹೊಳೆಯ ಪಟ್ಟಿ ಹೀಗಿದೆ: ಸಪಾಟು ಮೈದಾನದಲ್ಲಿ ಆಡಿ ಅಭ್ಯಾಸ ಇಲ್ಲ. ಕೊಯ್ಲಿನ ಕಾಲಕ್ಕೆ ಆಟಗಾರರು ಸಿಗುವುದಿಲ್ಲ. ಒಳ್ಳೆಯ ಆಟಗಾರ ಪಿಯುಸಿ ಮುಗಿಸಿದ ಕೂಡಲೇ ಬೆಂಗಳೂರಿಗೆ ಹೋಗುತ್ತಾನೆ.

ಮೂರನೆಯದು ಬರೆಯುವಾಗ ನನಗೇ ಹೊಟ್ಟೆ ಚುರುಕ್ ಅನ್ನುತ್ತದೆ. ನಮ್ಮ ಊರುಗಳಲ್ಲಿ ಎಷ್ಟು ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಅಲ್ವಾ? ಆ ಖಾಲಿತನವೂ ಸ್ಟ್ರಿಪ್ಪಿನೊಳಗೆ ಬರಲಿ. ಬೆಂಚಿನ ಮೇಲೆ ಮಡಿಸಿಟ್ಟ ಒಂದು ಜೆರ್ಸಿ ಸಾಕು, ಮಾತು ಬೇಡ.

ಇತಿಹಾಸದಲ್ಲೂ ಹೀಗೇ. 1911ರ ಜುಲೈ 29ರಂದು ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಕೋಲ್ಕತ್ತಾದ ಮೋಹನ್ ಬಾಗಾನ್ ತಂಡ ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಷೈರ್ ತಂಡವನ್ನು 2-1ರಿಂದ ಸೋಲಿಸಿತು. ಹನ್ನೊಂದರಲ್ಲಿ ಹತ್ತು ಜನ ಬರಿಗಾಲು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ ನಮ್ಮವರು ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ಎದುರು ಆಡಿದರು. ಎರಡು ಪೆನಾಲ್ಟಿ ಕೈತಪ್ಪಿತು. 1-2ರಿಂದ ಸೋತರು. ಅವತ್ತು ಭಾರತದ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ಪಂದ್ಯ ಸೋತದ್ದು, ಆದರೂ ಎಪ್ಪತ್ತೈದು ವರ್ಷ ದಾಟಿದ ಮೇಲೂ ಅದರ ಮಾತು ಬರುತ್ತದೆ. ನಿಮ್ಮ ತಂಡದ ಒಂದು ಸೋಲು ಹೀಗಿರಬೇಕು. ಅದು ಯಾವ ಪಂದ್ಯ ಅಂತ ಈಗಲೇ ಯೋಚಿಸಿಡಿ.

ಹೆಜ್ಜೆ 3: ಜನ

ಹನ್ನೊಂದು ಜನರಿಗೂ ಮುಖ ಬರೆಯಲು ಹೋಗಬೇಡಿ. ಓದುಗರಿಗೆ ನೆನಪಿರುವುದು ನಾಲ್ಕೋ ಐದೋ ಜನ. ಉಳಿದವರು ಜೆರ್ಸಿ ತೊಟ್ಟ ಆಕಾರಗಳಾಗಿರಲಿ, ಮುಂದೆ ಅಗತ್ಯ ಬಂದಾಗ ಒಬ್ಬೊಬ್ಬರಾಗಿ ಮುಖ ಪಡೆಯಲಿ.

ಪ್ರತಿಯೊಬ್ಬರಿಗೂ ಒಂದು ಕಸುಬು ಕೊಡಿ. ಆಟದ ಗುಣ ಆ ಕಸುಬಿನಿಂದ ಬರಲಿ. ಇದು ನಾನು ಕಲಿತ ಪಾಠಗಳಲ್ಲಿ ಅತಿ ಉಪಯೋಗಕ್ಕೆ ಬಂದದ್ದು.

ನಮ್ಮ ಗೋಲ್‌ಕೀಪರ್ ರಾಘು. ಕೊಯ್ಲಿನಲ್ಲಿ ಅವನ ಕೆಲಸ ಮರದ ಕೆಳಗೆ. ಕೊನೆಗಾರ ಮೇಲಿನಿಂದ ಹಗ್ಗದಲ್ಲಿ ಜಾರಿಸಿದ ಅಡಿಕೆ ಗೊನೆಯನ್ನು ನೆಲಕ್ಕೆ ಬೀಳದಂತೆ ಹಿಡಿಯುವುದು. ಗೊನೆ ಭಾರ, ಜೋರಾಗಿ ಬರುತ್ತದೆ, ಹಿಡಿದಾಗ ಕೈ ಹಿಂದಕ್ಕೆ ಹೋಗಬೇಕು. ಚೆಂಡು ಹಿಡಿಯುವುದೂ ಹಾಗೇ. ಇಂಥವನು ಕೀಪರ್ ಆದ ಅಂದರೆ ಮಲೆನಾಡಿನ ಯಾವ ಓದುಗನೂ ಪ್ರಶ್ನೆ ಕೇಳುವುದಿಲ್ಲ. ಮತ್ತೆ ನೋಡಿ, ಅದೇ ಕಸುಬು ಅವನನ್ನು ಕೊಯ್ಲಿನ ಪಂದ್ಯಗಳಿಗೆ ಬಾರದಂತೆ ತಡೆಯುತ್ತದೆ. ಶಕ್ತಿ ಮತ್ತು ತೊಂದರೆ ಒಂದೇ ಬೇರಿನಿಂದ ಹುಟ್ಟಿದರೆ ಪಾತ್ರ ತಾನಾಗಿ ನಡೆಯುತ್ತದೆ.

ನಾಯಕ ಮಂಜ ಸೊಸೈಟಿಯಲ್ಲಿ ತೂಕದ ಕೆಲಸದವನು, ದೂರ ಅಳೆಯುವ ಕಣ್ಣಿದೆ. ಸುರೇಶ ಮನೆಮನೆಗೆ ಹೋಗಿ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವವನು. ಮೈಲುತುತ್ತ-ಸುಣ್ಣದ ನೀಲಿ ಕಲೆ ಅವನ ಕೈ ಬಿಡುವುದೇ ಇಲ್ಲ. ಒಂದು ಚುಕ್ಕಿ ನೆರಳು ಹಾಕಿದರೆ ಸಾಕು, ಹಿಂದಿನಿಂದ ಕಂಡರೂ ಸುರೇಶ ಅಂತ ಗೊತ್ತಾಗುತ್ತದೆ. ತಂಡವನ್ನು ನಡೆಸುವವರು ಪದ್ದಕ್ಕ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ನೂರು ಮಕ್ಕಳಿಗೆ ಸಮನಾಗಿ ಬಡಿಸಿದ ಕೈ, ಯಾರನ್ನು ಯಾವಾಗ ಕೂರಿಸಬೇಕು ಅನ್ನುವುದು ಅವರಿಗೆ ಗೊತ್ತು. ಹುಡುಗರು ಅವರನ್ನು "ಪದ್ದಕ್ಕ, ನೀವು" ಅನ್ನುತ್ತಾರೆ, ಅವರು ಹುಡುಗರಿಗೆ "ನೀನು" ಅನ್ನುತ್ತಾರೆ. ಈ ವ್ಯತ್ಯಾಸ ಒಂದು ವಾರವೂ ತಪ್ಪಬಾರದು.

ಎದುರಾಳಿಗಳನ್ನು ಕೆಟ್ಟವರನ್ನಾಗಿ ಮಾಡಬೇಡಿ. ನಿಜವಾದ ಊರಿನ ಹೆಸರು, ನಿಜವಾದ ಕ್ಲಬ್ಬಿನ ಲಾಂಛನ, ಜಾತಿ, ಯಾವುದೂ ಬೇಡ. ಆದರೆ ಆ ಪ್ರದೇಶದ ಬಣ್ಣ ಇರಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು. ಎಷ್ಟೋ ಕಡೆಯಿಂದ ಜನ ಕೆಲಸಕ್ಕೆ ಬಂದು ಅಲ್ಲೇ ನೆಲೆಸಿದರು. ಹಾಗಾಗಿ ನನ್ನ ಕಾರ್ಖಾನೆ ಊರಿನ ತಂಡದಲ್ಲಿ ಒಬ್ಬ ತಮಿಳಿನಲ್ಲಿ ಕೂಗುತ್ತಾನೆ, ಇನ್ನೊಬ್ಬ ಉರ್ದುವಿನಲ್ಲಿ ಉತ್ತರ ಕೊಡುತ್ತಾನೆ, ಪಾಸ್ ಮಾತ್ರ ತಪ್ಪುವುದಿಲ್ಲ. ಅವರನ್ನು ಕಂಡರೆ ನನಗೇ ಪ್ರೀತಿ.

ಹೆಜ್ಜೆ 4: ಮಳೆಯ ಕ್ಯಾಲೆಂಡರ್, ಅಂಕದ ಪುಸ್ತಕ

ಲೀಗ್‌ನಲ್ಲಿ ಎಂಟು ತಂಡ ಇಡಿ. ಪ್ರತಿ ತಂಡ ಉಳಿದ ಏಳರ ಜೊತೆ ತನ್ನ ಊರಲ್ಲೊಮ್ಮೆ, ಅವರ ಊರಲ್ಲೊಮ್ಮೆ ಆಡಿದರೆ 14 ಪಂದ್ಯ. ಎಲ್ಲಾ ಸೇರಿ 56.

ಈ 14 ಪಂದ್ಯಗಳನ್ನು ಯಾವ ತಿಂಗಳಲ್ಲಿ ಇಡುವುದು ಅಂತ ಬಹಳ ದಿನ ಒದ್ದಾಡಿದೆ. ಕೊನೆಗೆ ನಮ್ಮ ಮನೆಯ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರೇ ದಾರಿ ತೋರಿಸಿತು. ಒಂದು ಮಳೆ ನಕ್ಷತ್ರ ಸುಮಾರು 13-14 ದಿನ, ಅಂದರೆ ಎರಡು ವಾರ. ಒಂದು ಮಳೆಗೆ ಒಂದು ಪಂದ್ಯ, ಎರಡು ಸ್ಟ್ರಿಪ್! ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟುತ್ತದೆ. ಅಲ್ಲಿಂದ ಎಣಿಸಿ: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ, ಉತ್ತರಾ, ಹಸ್ತಾ, ಚಿತ್ತಾ, ಸ್ವಾತಿ, ವಿಶಾಖಾ, ಅನುರಾಧಾ, ಜ್ಯೇಷ್ಠಾ, ಮೂಲಾ. ಸರಿಯಾಗಿ ಹದಿನಾಲ್ಕು. ಡಿಸೆಂಬರ್ ಕೊನೆಗೆ ಲೀಗ್ ಮುಗಿಯುತ್ತದೆ. 28 ವಾರ ಪಂದ್ಯಕ್ಕೆ, ಉಳಿದ 24 ವಾರ ಊರಿಗೆ.

ಇದರಿಂದ ಎಷ್ಟು ಲಾಭ ಆಯಿತು ನೋಡಿ. ಸ್ಟ್ರಿಪ್ಪಿನ ಮೂಲೆಯಲ್ಲಿ ದಿನಾಂಕ ಬರೆಯುವ ಬದಲು "ಪುಷ್ಯ ಮಳೆ" ಅಂತ ಬರೆದರೆ ಸಾಕು. ಓದುಗನಿಗೆ ಮೈದಾನ ಹೇಗಿದೆ, ಯಾರ ಮನೆಯಲ್ಲಿ ನಾಟಿ, ಯಾರ ತೋಟದಲ್ಲಿ ಕೊಳೆರೋಗ ಅಂತೆಲ್ಲ ತಾನಾಗಿ ಹೊಳೆಯುತ್ತದೆ. ಆಗುಂಬೆ ಕಡೆಗೆ ಆಡಲು ಹೋದ ವಾರ ಮಳೆಯನ್ನು ಎಷ್ಟು ಬೇಕಾದರೂ ಸುರಿಸಿ. ಅಲ್ಲಿ ವರ್ಷದ ಸರಾಸರಿಯೇ 7,000 ಮಿಲಿಮೀಟರ್ ದಾಟುತ್ತದೆ. ಸ್ವಾತಿ ಮುಗಿದು ವಿಶಾಖಾ ಬರುವ ಹೊತ್ತಿಗೆ ಅಡಿಕೆ ಕೊಯ್ಲು. ಕೊನೆಯ ನಾಲ್ಕು ಪಂದ್ಯಕ್ಕೆ ಜನ ಸಿಗುವುದಿಲ್ಲ. ನಿಯಮದ ಪ್ರಕಾರ ಒಂದು ತಂಡದಲ್ಲಿ 7ಕ್ಕಿಂತ ಕಡಿಮೆ ಜನ ಇದ್ದರೆ ಪಂದ್ಯ ಶುರು ಮಾಡುವಂತಿಲ್ಲ. ಅಂದರೆ ಪದ್ದಕ್ಕ ಮನೆಮನೆ ಸುತ್ತಿ ಕನಿಷ್ಠ ಏಳು ಜನರನ್ನಾದರೂ ಅಡಿಕೆ ಒಣಗಿಸುವ ಚಪ್ಪರದಿಂದ ಇಳಿಸಿ ತರಬೇಕು. ಅದೇ ಒಂದು ಸ್ಟ್ರಿಪ್.

ಈಗ ಒಂದು ಲೆಕ್ಕದ ಪುಸ್ತಕ ತೆಗೆದು ಹದಿನಾಲ್ಕೂ ಫಲಿತಾಂಶ ಮೊದಲೇ ಬರೆಯಿರಿ. ಗೆಲುವಿಗೆ 3 ಅಂಕ, ಸಮಕ್ಕೆ 1. ಸಂಕದಹೊಳೆಯ ಮೊದಲ ವರ್ಷ: 3 ಗೆಲುವು, 4 ಸಮ, 7 ಸೋಲು, ಒಟ್ಟು 13 ಅಂಕ. ಕಪ್ಪಿನ ಮಾತೇ ಇಲ್ಲ. ಕೊನೆಯ ಸ್ಥಾನ ತಪ್ಪಿಸಿಕೊಳ್ಳುವುದೇ ವರ್ಷದ ಗುರಿ. ಮೊದಲ ಗೆಲುವು ಹುಬ್ಬಾ ಮಳೆಯಲ್ಲಿ, ಅಂದರೆ ಹನ್ನೆರಡನೇ ವಾರ. ಅಲ್ಲಿಯವರೆಗೆ ಕಾಯಿಸಿ. ಆಸೆಯಾಗುತ್ತದೆ, ಕೈ ತಡೆಯುವುದಿಲ್ಲ, ಆದರೂ ಕಾಯಿಸಿ. ಅನುರಾಧಾದಲ್ಲಿ ಒಂಬತ್ತೇ ಜನ ಆಡಿ 0-0 ಮಾಡಿಕೊಂಡು ಬಂದದ್ದು ನನಗೆ ಮೂರು ಗೆಲುವಿಗಿಂತ ಪ್ರಿಯ.

ಅಂಕಪಟ್ಟಿ ಅಚ್ಚು ಹಾಕುವುದಾದರೆ ಎಂಟೂ ತಂಡದ ಲೆಕ್ಕ ಇಡಿ. ಎಲ್ಲರ ಗೆಲುವು ಕೂಡಿದರೆ ಎಲ್ಲರ ಸೋಲಿನ ಮೊತ್ತಕ್ಕೆ ಸಮ ಇರಬೇಕು. ಹೊಡೆದ ಗೋಲು, ಬಿಟ್ಟ ಗೋಲು ಎರಡೂ ತಾಳೆಯಾಗಬೇಕು. ಸಮವಾದ ಪಂದ್ಯಗಳ ಕಾಲಮ್ಮಿನ ಮೊತ್ತ ಯಾವಾಗಲೂ ಸರಿ ಸಂಖ್ಯೆ. ಇದನ್ನು ಕೂಡಿಸಿ ನೋಡುವ ಓದುಗ ಒಬ್ಬನಾದರೂ ಇರುತ್ತಾನೆ, ಅವನೇ ನಿಮ್ಮ ಅತ್ಯುತ್ತಮ ಓದುಗ.

ಉಳಿದ 24 ವಾರಕ್ಕೆ ವಿಷಯ ಹುಡುಕಬೇಕಿಲ್ಲ. ಅಡಿಕೆ ಸುಲಿಯುವ ರಾತ್ರಿ ಹಳೆಯ ಪಂದ್ಯದ ಮಾತು, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಎದುರಾಳಿ ನಾಯಕ ಸಿಗುವುದು, ಕೂಳೆ ಉಳಿದ ಗದ್ದೆಯಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳು.

ಹೆಜ್ಜೆ 5: ತಪ್ಪಬಾರದ ನಿಯಮಗಳು

ಬೇಗ ಹೇಳಿ ಮುಗಿಸುತ್ತೇನೆ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಅಂದರೆ ಅಗಲ ಎತ್ತರದ ಮೂರು ಪಾಲು. ಕೀಪರ್ ಕೈ ಎತ್ತಿದರೆ ಅಡ್ಡಪಟ್ಟಿಯ ಹತ್ತಿರ ಬರಬೇಕು. ಹೆಚ್ಚಿನ ಚಿತ್ರಗಳಲ್ಲಿ ಗೋಲು ತೀರಾ ಚಿಕ್ಕದಾಗಿ, ಕೀಪರ್ ತೀರಾ ದೊಡ್ಡದಾಗಿ ಬಂದಿರುತ್ತಾನೆ. ಪೆನಾಲ್ಟಿ ಚುಕ್ಕಿ 11 ಮೀಟರ್ ದೂರ. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ಅಷ್ಟು ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಆ ಚೌಕದಲ್ಲಿ ಯಾರಿಗೂ ಮಾತಾಡಲು ಸಮಯ ಇಲ್ಲ. ಯೋಚನೆ, ಹೆದರಿಕೆ, ಅಮ್ಮನ ನೆನಪು ಎಲ್ಲ ಒದೆಯುವ ಮುಂಚಿನ ಚೌಕದಲ್ಲಿ.

ಆಫ್‌ಸೈಡ್ ಅಂದರೆ ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಅವರ ಗೋಲಿಗೆ ಹತ್ತಿರ ನಿಂತಿರುವುದು. ಅದನ್ನು ತೋರಿಸಲು ಎರಡು ಚೌಕ ಬೇಕೇ ಬೇಕು. ಲೆಕ್ಕಕ್ಕೆ ಬರುವುದು ಜೊತೆಗಾರ ಚೆಂಡು ಒದ್ದ ಕ್ಷಣ, ಚೆಂಡು ಸಿಕ್ಕ ಕ್ಷಣವಲ್ಲ. ತನ್ನ ಅರ್ಧದಲ್ಲಿದ್ದರೆ ಆಫ್‌ಸೈಡ್ ಇಲ್ಲ. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರ ಬಂದ ಚೆಂಡಿಗೂ ಇಲ್ಲ.

ಟಾಸ್ ವಿಷಯ ನಮಗೆ ಮುಖ್ಯ. 2019ರಿಂದ ಟಾಸ್ ಗೆದ್ದವರು ಯಾವ ಗೋಲಿನ ಕಡೆ ಆಡುತ್ತೇವೆ ಅಂತ ಆರಿಸಬಹುದು, ಅಥವಾ ಕಿಕ್-ಆಫ್ ತೆಗೆದುಕೊಳ್ಳಬಹುದು. ಇಳಿಜಾರಿನ ಮೈದಾನದಲ್ಲಿ ಆ ನಾಣ್ಯ ಅರ್ಧ ಪಂದ್ಯ.

ಹೆಜ್ಜೆ 6: ಒಂದು ಪಂದ್ಯ, ಎರಡು ವಾರ

ಈಗ ನಿಜವಾದ ಬರವಣಿಗೆ. ಆಶ್ಲೇಷಾ ಮಳೆಯ ಪಂದ್ಯವನ್ನು ಬಿಡಿಸಿ ತೋರಿಸುತ್ತೇನೆ. ಫಲಿತಾಂಶ 1-1, ನಮ್ಮ ಊರಿನ ಮೈದಾನ, ಎದುರಾಳಿ ಕಾರ್ಖಾನೆ ಊರಿನವರು.

ಮೊದಲ ವಾರ, ಒಂದನೇ ಚೌಕ: ನಾಣ್ಯ ಕೆಸರಿಗೆ ಬಿದ್ದಿದೆ, ಮೂರು ತಲೆ ಬಗ್ಗಿವೆ. ಎರಡನೇ ಚೌಕ: ಮಂಜ ಹೇಳುತ್ತಾನೆ, "ನಾವು ಬನದ ಕಡೆ ಆಡ್ತೀವಿ." ಎದುರಾಳಿ ನಾಯಕನ ಹುಬ್ಬು ಏರಿದೆ. ಬನದ ಕಡೆ ಅಂದರೆ ಏರು. ಯಾರಾದರೂ ಕಷ್ಟವನ್ನು ಕೇಳಿ ತೆಗೆದುಕೊಳ್ಳುತ್ತಾರಾ? ಮೂರನೇ ಚೌಕ: ದೂರದಿಂದ ಇಡೀ ಮೈದಾನ. ನಮ್ಮವರೆಲ್ಲ ಹೊಳೆ ಕಡೆ ಗೋಲಿನ ಮುಂದೆ ಇರುವೆಗಳಂತೆ ಸೇರಿದ್ದಾರೆ. ಹಲಗೆಯ ಮೇಲೆ 0-1. ನಾಲ್ಕನೇ ಚೌಕ: ಅರ್ಧ ಸಮಯ. ಪದ್ದಕ್ಕ ಕಷಾಯ ಬಗ್ಗಿಸುತ್ತಾ, "ಒಂದೇ ಬಿಟ್ಕೊಟ್ಟಿದೀರಿ. ಸಾಕು. ಇನ್ನು ಇಳಿಜಾರು."

ಒಂದು ವಾರ ಓದುಗ ಆ "ಇಳಿಜಾರು" ಅನ್ನುವ ಮಾತಿನ ಮೇಲೆ ಕಾಯಬೇಕು.

ಎರಡನೇ ವಾರ, ಒಂದನೇ ಚೌಕ: ಮಂಜ ಉದ್ದಕ್ಕೆ ಒದ್ದ ಚೆಂಡು ಕೆಳಗೆ ಉರುಳುತ್ತಿದೆ. ಎದುರಾಳಿಯ ಡಿಫೆಂಡರ್ ಅದರ ಜೊತೆ ಓಡುತ್ತಿದ್ದಾನೆ, ಸರಾಗವಾಗಿ ಸಿಗುತ್ತದೆ ಅನ್ನುವ ಮುಖ. ಎರಡನೇ ಚೌಕ: ಮಾತಿಲ್ಲ, ಸದ್ದಿಲ್ಲ. ಚೆಂಡು ಗುಂಡಿಯ ನೀರಲ್ಲಿ ನಿಂತುಬಿಟ್ಟಿದೆ. ಡಿಫೆಂಡರ್ ಅದನ್ನು ದಾಟಿ ಜಾರಿಹೋಗಿದ್ದಾನೆ. ಮೂರನೇ ಚೌಕ: ಸುರೇಶನ ಕಾಲು, ನೀರು, ಚೆಂಡು. "ಪಚಕ್!" ನಾಲ್ಕನೇ ಚೌಕ: ದೂರದಲ್ಲಿ ಬಸ್ಸಿನ ಹಾರ್ನ್. ಎದುರಾಳಿಗಳು ಬೂಟು ಕೈಯಲ್ಲಿ ಹಿಡಿದು ಓಡುತ್ತಿದ್ದಾರೆ. ಕಿಟಕಿಯಿಂದ ಅವರ ನಾಯಕ, "ಮುಂದಿನ ಸಲ ನಮ್ಮಲ್ಲಿಗೆ ಬನ್ನಿ. ಅಲ್ಲಿ ಗುಂಡಿ ಇಲ್ಲ!"

ಈ ಗೋಲು ಅದೃಷ್ಟ ಅನ್ನಿಸಬಾರದು. ಅದಕ್ಕೆ ಗುಂಡಿಯನ್ನು ಆರು ವಾರ ಮುಂಚೆಯೇ ತೋರಿಸಿರಬೇಕು. ಆರಿದ್ರಾ ಮಳೆಯ ಸ್ಟ್ರಿಪ್‌ನಲ್ಲಿ ಸುರೇಶನೇ ಆ ನೀರಲ್ಲಿ ಬಿದ್ದು ಎದ್ದಿರುತ್ತಾನೆ. ಓದುಗ ಅದನ್ನು ಮರೆತಿರುತ್ತಾನೆ, ಚೆಂಡು ನಿಂತ ಕೂಡಲೇ ನೆನಪಾಗುತ್ತದೆ. ನಿಮ್ಮ ಪ್ರತಿ ಗೋಲಿಗೂ ಹೀಗೆ ಒಂದು ಬೀಜ ಮೊದಲೇ ಬಿತ್ತಿ. ಲೆಕ್ಕದ ಪುಸ್ತಕದಲ್ಲಿ ಗೋಲಿನ ಪಕ್ಕ ಬೀಜ ಯಾವ ವಾರದ್ದು ಅಂತ ಬರೆದಿಡಿ.

ಹೆಜ್ಜೆ 7: ಚಿತ್ರ

ನಾವು ಓದುವುದು ಎಡದಿಂದ ಬಲಕ್ಕೆ. ಕಣ್ಣು ಬಲಕ್ಕೆ ಸುಲಭವಾಗಿ ಹೋಗುತ್ತದೆ, ಎಡಕ್ಕೆ ಹೋಗುವಾಗ ತಡೆಯುತ್ತದೆ. ಇದನ್ನು ಬಳಸಿಕೊಳ್ಳಿ. ಸಂಕದಹೊಳೆಯಲ್ಲಿ ಬನ ಯಾವಾಗಲೂ ಚೌಕದ ಎಡಗಡೆ, ಹೊಳೆ ಬಲಗಡೆ. ಏರಿನಲ್ಲಿ ಆಡುವಾಗ ನಮ್ಮವರು ಎಡಕ್ಕೆ ಹೋಗುತ್ತಾರೆ, ಓದುಗನ ಕಣ್ಣಿಗೆ ಎದುರಾಗಿ. ಇಳಿಜಾರಿನಲ್ಲಿ ಬಲಕ್ಕೆ, ಕಣ್ಣಿನ ಜೊತೆ. ಒಂದೇ ಪಂದ್ಯದಲ್ಲಿ ಬನ ಎಡಕ್ಕೆ, ಮುಂದಿನ ಚೌಕದಲ್ಲಿ ಬಲಕ್ಕೆ ಬಂದರೆ ಯಾರು ಯಾರ ಗೋಲಿಗೆ ಒದೆಯುತ್ತಿದ್ದಾರೆ ಅಂತ ಗೊತ್ತಾಗದೆ ಓದುಗ ಬಿಟ್ಟುಬಿಡುತ್ತಾನೆ.

ಜೆರ್ಸಿ ಕಪ್ಪು-ಬಿಳುಪಿನಲ್ಲೂ ಗುರುತು ಸಿಗಬೇಕು. ನಮ್ಮವರದು ಬಿಳಿ, ಎದೆಗೆ ಒಂದು ಅಗಲದ ಪಟ್ಟಿ. ಎದುರಾಳಿಗಳದು ಪೂರ್ತಿ ಕಪ್ಪು ಅಥವಾ ಉದ್ದ ಗೆರೆ. ಬಿಳಿ ಆರಿಸಿದ್ದಕ್ಕೆ ಇನ್ನೊಂದು ಕಾರಣ ಕೆಸರು. ಮೊದಲ ಚೌಕದಲ್ಲಿ ಮೊಣಕಾಲಿನವರೆಗೆ, ಆಮೇಲೆ ಚಡ್ಡಿ, ಕೊನೆಗೆ ಎದೆ. ಕೆಸರು ಏರಿದ ಹಾಗೆ ಹೊತ್ತು ಹೋಗಿದ್ದು ಗೊತ್ತಾಗುತ್ತದೆ, "ಸ್ವಲ್ಪ ಸಮಯದ ನಂತರ" ಅಂತ ಬರೆಯುವುದೇ ಬೇಡ. ಬದಲಿ ಆಟಗಾರ ಬಂದಾಗ ಅವನೊಬ್ಬನೇ ಶುಭ್ರವಾಗಿ ಹೊಳೆಯಬೇಕು.

ಒದೆಯುವ ಭಂಗಿಗೆ ಕಲ್ಪನೆಯನ್ನು ನಂಬಬೇಡಿ. ಗೆಳೆಯರೊಬ್ಬರಿಗೆ ಅಂಗಳದಲ್ಲಿ ಒದೆಯಲು ಹೇಳಿ, ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆಯಿರಿ. ಊರಿದ ಕಾಲು ಚೆಂಡಿನ ಪಕ್ಕದಲ್ಲೇ ಇರುತ್ತದೆ. ಬಲಗಾಲು ಮುಂದೆ ಬಂದಾಗ ಎಡಗೈ ಮುಂದೆ ಬರುತ್ತದೆ. ಈ ಎರಡು ಸರಿ ಇದ್ದರೆ ಉಳಿದದ್ದು ಸ್ವಲ್ಪ ತಪ್ಪಾದರೂ ಒದೆತ ಒದೆತದಂತೆ ಕಾಣುತ್ತದೆ. ಹಳೆಯ ಮಾದರಿಯ ಚೆಂಡಿನಲ್ಲಿ 12 ಕಪ್ಪು ಐದುಮೂಲೆ, 20 ಬಿಳಿ ಆರುಮೂಲೆ ತುಂಡು. ಹತ್ತಿರದಿಂದ ತೋರಿಸುವಾಗ ನಡುವೆ ಒಂದು ಐದುಮೂಲೆ ಪೂರ್ತಿ ಬರೆಯಿರಿ, ಅಂಚಿನಲ್ಲಿ ಸುತ್ತಲೂ ಐದನ್ನು ಅರ್ಧರ್ಧ. ದೂರದಿಂದಾದರೆ ದುಂಡಗೆ ಬರೆದು ಮೂರು ಚುಕ್ಕಿ ಸಾಕು.

ಮಳೆಗೆ ಒಂದೇ ಥರ ಗೆರೆ ಎಳೆಯಬೇಡಿ. ಆರಿದ್ರಾಕ್ಕೆ ದಪ್ಪ ಓರೆ ಗೆರೆ. ಪುಷ್ಯದ ಜಡಿಗೆ ಸಣ್ಣ, ಒತ್ತಾದ, ನೇರ ಗೆರೆ, ಹಿಂದಿನ ಗುಡ್ಡ ಕಾಣಲೇಬಾರದು. ಹಸ್ತಾದಲ್ಲಿ ಮಧ್ಯೆ ಮಧ್ಯೆ ಬಿಸಿಲು. ನೋಡುವ ಜನರಿಗೆ ಕೊಡೆಯ ಜೊತೆ ಕಂಬಳಿಕೊಪ್ಪೆಯೂ ಇರಲಿ. ಕಾಲಿಗೆ ಹತ್ತುವ ಉಂಬಳ, ಅಂದರೆ ಜಿಗಣೆ, ಮರೆಯಬೇಡಿ. ಅರ್ಧ ಸಮಯದಲ್ಲಿ ಹನ್ನೊಂದು ಜನ ಸಾಲಾಗಿ ಕೂತು ಸುಣ್ಣ ಹಚ್ಚಿ ಉಂಬಳ ಬಿಡಿಸುವ ಒಂದೇ ಚೌಕ ಸಾವಿರ ಮಾತು ಹೇಳುತ್ತದೆ.

ಹೆಜ್ಜೆ 8: ಸದ್ದು, ಮಾತು, ಅಕ್ಷರ

ಸದ್ದಿನ ಪದಗಳಿಗೆ ನಮ್ಮ ಭಾಷೆಯಷ್ಟು ಶ್ರೀಮಂತ ಭಾಷೆ ಕಡಿಮೆ. ಒಣ ಚೆಂಡಿಗೆ "ಧಡ್", ನೆಂದ ಚೆಂಡಿಗೆ "ದುಬ್", ಗುಂಡಿಯಲ್ಲಿ "ಪಚಕ್", ಕೆಸರಲ್ಲಿ ಓಡಿದರೆ "ಪಚಪಚ", ಕಂಬಕ್ಕೆ ಬಡಿದರೆ "ಠಣ್". ನಮ್ಮ ಗೋಲು ಅಡಿಕೆ ದಬ್ಬೆಯದ್ದಾದರೆ "ಠಕ್". ಮಳೆಗೆ "ಧೋ", ಜಡಿಗೆ "ಜಿಟಿಜಿಟಿ". ನಿಮ್ಮ ಅಜ್ಜಿ ಮಾತಾಡುವಾಗ ಕಿವಿಗೊಟ್ಟು ಕೇಳಿ, ಇನ್ನೂ ಇಪ್ಪತ್ತು ಸಿಗುತ್ತವೆ. ಬರೆದಿಟ್ಟುಕೊಳ್ಳಿ.

ಮಾತಿಗೆ "ಎಂತ ಮಾರಾಯ", "ಎಂತಕ್ಕೆ" ಹಿತವಾಗಿ ಬರಲಿ. ಪ್ರತಿ ಬಲೂನಿಗೂ "ಮಾರಾಯ" ಹಾಕಿದರೆ ಅದು ವೇಷ ಆಗುತ್ತದೆ. ಸಾಗರ ಕಡೆಯ ಮನೆಮಾತು, ತೀರ್ಥಹಳ್ಳಿಯ ಮಾತು, ಶಿವಮೊಗ್ಗ ಪೇಟೆಯ ಮಾತು ಒಂದೇ ಅಲ್ಲ. ಗೊತ್ತಿರುವ ಮಾತನ್ನಷ್ಟೇ ಬರೆಯಿರಿ.

ಅಕ್ಷರಕ್ಕೆ ಅಳತೆ ಬೇಕು. ನಾನು ಎ4 ಹಾಳೆಯನ್ನು ಅಡ್ಡ ಇಟ್ಟು 26 ಸೆಂಟಿಮೀಟರ್ ಅಗಲ, 11 ಸೆಂಟಿಮೀಟರ್ ಎತ್ತರದ ಪಟ್ಟಿ ಬರೆಯುತ್ತೇನೆ. ನಾಲ್ಕು ಭಾಗ ಮಾಡಿದರೆ ಚೌಕಕ್ಕೆ ಸುಮಾರು 6 ಸೆಂಟಿಮೀಟರ್. ಅಕ್ಷರ 5 ಮಿಲಿಮೀಟರ್ ಇದ್ದರೆ ಒಂದು ಸಾಲಿಗೆ ಹತ್ತೇ ಅಕ್ಷರ. "ಹೊಡೆಯಬೇಕಾಗಿತ್ತಂತೆ" ಅನ್ನುವ ಒಂದು ಪದಕ್ಕೇ ಸಾಲು ಮುಗಿಯಿತು! ಹಾಗಾಗಿ ಉದ್ದ ಕ್ರಿಯಾಪದ ಬಿಡಿ, "ಹೊಡಿ ಮಂಜ" ಅನ್ನಿ. ಒಂದು ಚೌಕಕ್ಕೆ ಎಂಟು-ಹತ್ತು ಪದ ದಾಟಬಾರದು. ಸಾಲಿನಿಂದ ಸಾಲಿಗೆ 10 ಮಿಲಿಮೀಟರ್ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಲೂನನ್ನು ಮೊದಲು ಬರೆದು, ಉಳಿದ ಜಾಗದಲ್ಲಿ ಚಿತ್ರ ಬರೆಯಿರಿ.

ಕಂಪ್ಯೂಟರ್‌ನಲ್ಲಿ ಮಾಡುವವರಿಗೆ ಕ್ರಿಟಾ, ಇಂಕ್‌ಸ್ಕೇಪ್ ಉಚಿತ. ಬಾಲೂ ತಮ್ಮ ಅನ್ನುವ ದುಂಡನೆಯ ಉಚಿತ ಫಾಂಟ್ ಬಲೂನಿಗೆ ಚೆನ್ನಾಗಿ ಒಪ್ಪುತ್ತದೆ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಬಂದರೆ ಅಕ್ಷರದ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಲೇಔಟ್ ಹಾಕಿಕೊಳ್ಳಿ.

ಹೆಜ್ಜೆ 9: ಪುಸ್ತಿಕೆ

ಅಚ್ಚಿಗೆ ದುಡ್ಡಿಲ್ಲ ಅಂತ ಕೂರಬೇಡಿ. ಝೆರಾಕ್ಸ್ ಸಾಕು. ಸ್ಟ್ರಿಪ್ಪನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಅರ್ಧ ಅಳತೆಗೆ ಇಳಿಸಿ. ಪೆನ್ಸಿಲಿನ ತೆಳು ನೆರಳು ಝೆರಾಕ್ಸ್‌ನಲ್ಲಿ ಉಳಿಯುವುದಿಲ್ಲ, ನೆರಳಿಗೆ ಗೆರೆ ಅಥವಾ ಚುಕ್ಕಿ ಬಳಸಿ. ಎರಡು ಎ4 ಹಾಳೆ ಮಡಿಸಿದರೆ ಎಂಟು ಪುಟ. ಪುಟಗಳ ಜೋಡಣೆ ಹೀಗೆ: ಮೊದಲ ಹಾಳೆಯ ಮುಂದೆ 8 ಮತ್ತು 1, ಹಿಂದೆ 2 ಮತ್ತು 7. ಎರಡನೇ ಹಾಳೆಯ ಮುಂದೆ 6 ಮತ್ತು 3, ಹಿಂದೆ 4 ಮತ್ತು 5. ಮುಖಪುಟ, ಹಿಂಬದಿಯಲ್ಲಿ ಅಂಕಪಟ್ಟಿ, ಒಳಗಿನ ಆರು ಪುಟಕ್ಕೆ ಮೂರು ಮೂರು ಸ್ಟ್ರಿಪ್. ಒಂದು ಪುಸ್ತಿಕೆಗೆ 18. ಮೂರು ಪುಸ್ತಿಕೆಗೆ 54, ಅಂದರೆ ವರ್ಷದ 52 ತುಂಬಿ ಎರಡು ಜಾಗ ಉಳಿಯುತ್ತದೆ.

ಆ ಎರಡರಲ್ಲಿ ಒಂದನ್ನು ನಾನು ಮೈದಾನದ ನಕ್ಷೆಗೆ ಇಡುತ್ತೇನೆ. ಇನ್ನೊಂದು ಬೆಂಗಳೂರಿಗೆ ಹೋದ ಆ ಹುಡುಗನಿಗೆ. ಅವನು ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸಿಗೆ ಕಾಯುತ್ತಿದ್ದಾನೆ, ಮಡಿಲಲ್ಲಿ ಬೂಟು, ಮೊಬೈಲಿನಲ್ಲಿ ಪದ್ದಕ್ಕನ ಸಂದೇಶ: "ಮೂಲಾ ಮಳೆ ಪಂದ್ಯಕ್ಕೆ ಎಂಟೇ ಜನ ಇದೀವಿ. ಬರ್ತೀಯಾ?"